ಬ್ರಷ್ಷಿನಲ್ಲಿ ಬರೆದ ವೆಬ್‌ಸೈಟು

ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಸಂಡೂರಿನಿಂದ ಹೊಸಪೇಟೆಗೆ ಬೈಕಿನಲ್ಲಿ ಬರುವವರಿಗೆ ದಾರಿಯುದ್ದಕ್ಕೂ ನೋಡಲು ಇರುತ್ತಿದ್ದುದು ಒಂದೇ, ಮುಂದಿನ ಲಾರಿಯ ಬೆನ್ನು. ದಾಟಿ ಹೋಗಲು ಜಾಗವಿಲ್ಲ, ನಿಲ್ಲಲು ನೆರಳಿಲ್ಲ, ಬಾಯಿ ಬಿಟ್ಟರೆ ಕೆಂಪು ಧೂಳು. ಎಲ್ಲರೂ ಲಾರಿಗೂ ಅದರ ಮಾಲೀಕನಿಗೂ ಶಾಪ ಹಾಕುತ್ತ ಬರುತ್ತಿದ್ದರೆ, ತಿಪ್ಪೇಶ್ ಒಬ್ಬ ಮಾತ್ರ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಆ ಬೆನ್ನನ್ನು ಓದುತ್ತ ಖುಷಿಯಾಗಿ ಬರುತ್ತಿದ್ದ. ಹತ್ತು ಲಾರಿಗಳಲ್ಲಿ ನಾಲ್ಕರ ಮೇಲಿನ ಅಕ್ಷರ ಅವನದೇ ಆಗಿರುತ್ತಿತ್ತು.

ತಿಪ್ಪೇಶ್ ಬೋರ್ಡು ಬರೆಯುವ ಪೇಂಟರ್. ಹದಿನಾಲ್ಕನೇ ವಯಸ್ಸಿಗೆ ಹುಲುಗಪ್ಪ ಪೇಂಟರ್ ಹತ್ತಿರ ಡಬ್ಬಿ ತೊಳೆಯಲು ಸೇರಿ, ನಾಲ್ಕು ವರ್ಷ ಬರೀ ಗೆರೆ ಎಳೆದು, ಆಮೇಲೆ ಅಕ್ಷರಕ್ಕೆ ಕೈ ಹಾಕಿದವನು. ಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಬಿಗಿಹಿಡಿದು ಟಪ್ಪೆಂದು ಮೀಟಿದರೆ ತಗಡಿನ ಮೇಲೆ ಬಿಳಿ ಗೆರೆ ಬೀಳುತ್ತದಲ್ಲ, ಆ ಗೆರೆಯ ಮೇಲೆ ಅವನು ಬರೆಯುವ 'ಶ್ರೀ' ನೋಡಿದರೆ ದೇವರಿಗೇ ಅದರಲ್ಲಿ ಬಂದು ಕೂರುವ ಮನಸ್ಸಾಗಬೇಕು. ಅದಿರಿಗೆ ಬೆಲೆ ಬಂದು, ಮೊನ್ನೆ ಮೊನ್ನೆವರೆಗೆ ಸೈಕಲ್ ತುಳಿಯುತ್ತಿದ್ದವರೆಲ್ಲ ಲಾರಿ ತೆಗೆದಾಗ ಅವನಿಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಧೂಳು ಏಳುವ ಮುಂಚೆ ಬಣ್ಣ ಒಣಗಲಿ ಎಂದು ಬೆಳಗ್ಗೆ ಐದಕ್ಕೇ ಎದ್ದು ಬರೆಯುತ್ತಿದ್ದ. ಮೇಲೆ ಮನೆದೇವರು ಪ್ರಸನ್ನ, ಕೆಳಗೆ ಮಾಲೀಕನ ಮಕ್ಕಳ ಹೆಸರು, ನಡುವೆ ಕಮಲದ ಹೂವು.

ಆಮೇಲೆ ಊರಿಗೆ ಫ್ಲೆಕ್ಸ್ ಮಷೀನು ಬಂತು. ಅದು ಬಂದ ವರ್ಷ ಹೊಸಪೇಟೆಯಲ್ಲಿ ಹುಟ್ಟುಹಬ್ಬವಿಲ್ಲದ ಮನುಷ್ಯನೇ ಉಳಿಯಲಿಲ್ಲ ಬಿಡಿ. ಕಂಬಕ್ಕೊಬ್ಬ ನಾಯಕ, ಕೈಯಲ್ಲೊಂದು ಮೊಬೈಲು, ಕಣ್ಣಿಗೆ ಕಪ್ಪು ಕನ್ನಡಕ. ಅಂಗಡಿ ಬೋರ್ಡುಗಳೂ ಫ್ಲೆಕ್ಸಿಗೆ ಹೋದವು. ಲಾರಿಗಳಿಗೆ ರೇಡಿಯಂ ಸ್ಟಿಕ್ಕರ್ ಬಂತು. ತಿಪ್ಪೇಶ್ ಮೂರು ದಿನಕ್ಕೆ ಬರೆಯುತ್ತಿದ್ದುದನ್ನು ಅವರು ಮೂರು ತಾಸಿನಲ್ಲಿ ಅಂಟಿಸಿ ಕಳಿಸತೊಡಗಿದರು. ಅವನ ಕುಂಚಗಳು ಡಬ್ಬಿಯೊಳಗೆ ನಿಂತಲ್ಲೇ ಗಟ್ಟಿಯಾದವು.

ಅವನನ್ನು ಕಂಪ್ಯೂಟರ್ ಕ್ಲಾಸಿಗೆ ದಬ್ಬಿದವಳು ಹೆಂಡತಿ ಶೈಲಜಾ. ಮೂವತ್ತೆಂಟರ ವಯಸ್ಸಿನಲ್ಲಿ, ಪಿಯುಸಿ ಹುಡುಗಿಯರ ನಡುವೆ ಕುಳಿತು, ಮೌಸನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಅವನು ಬೆವರಿದ. ಆದರೆ ಪರದೆಯ ಮೇಲೂ ಬೋರ್ಡು ಬರೆಯಬಹುದು, ಅದನ್ನು ಹಂಪಿಗೆ ಬರುವ ಪರದೇಶದವರು ತಮ್ಮ ಊರಿನಲ್ಲೇ ಕುಳಿತು ನೋಡಬಹುದು ಎಂದು ತಿಳಿದ ದಿನ ಮನೆಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದ. ಎರಡು ಸಾವಿರದ ಆರರಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, 'ತಿಪ್ಪೇಶ್ ಆರ್ಟ್ಸ್ ಮತ್ತು ವೆಬ್' ಶುರುವಾಯಿತು. ಬೋರ್ಡನ್ನು ತಾನೇ ಬರೆದ ಎಂದು ಬೇರೆ ಹೇಳಬೇಕಿಲ್ಲ.

ಮೊದಲ ಗಿರಾಕಿ ಹಳೆಯ ಲಾರಿ ಮಾಲೀಕ ಮುರುಗೇಶ್. ಅವನಿಗೆ ವೆಬ್‌ಸೈಟೆಂದರೆ ಹರಿಯದ, ಮಾಸದ, ಯಾರೂ ಕಿತ್ತುಹಾಕಲಾಗದ ಫ್ಲೆಕ್ಸು.

"ಲೇ ತಿಪ್ಪೇಶಿ, ಮ್ಯಾಲ ನನ್ ಫೋಟೋ ದೊಡ್ಡದಿರ್ಲಿ. ಕೆಳಗ ನಮ್ಮ ಹುಡುಗ್ರು ಸಾಲಾಗಿ."

"ಲಾರಿ ಫೋಟೋ ಅಣ್ಣಾ?"

"ಲಾರಿ ಯಾವನ್ ನೋಡ್ತಾನಲೇ! ರೋಡಿಗೆ ಬಂದ್ರ ಅವೇ ಕಾಣ್ತಾವ."

ಉದ್ಘಾಟನೆಗೆ ಒಳ್ಳೆಯ ಮುಹೂರ್ತ ಹುಡುಕಿದರು. ಮಾನಿಟರಿಗೆ ಹಾರ, ಮೌಸಿಗೆ ಕುಂಕುಮ. ಮುರುಗೇಶ್ ಕಂಪ್ಯೂಟರಿನ ಎದುರಿಗೇ ಕಾಯಿ ಒಡೆದ ರಭಸಕ್ಕೆ ನೀರು ಸಿಡಿದು ಕೀಬೋರ್ಡಿನ ಎರಡು ಗುಂಡಿಗಳು ವಾರದವರೆಗೆ ಅಂಟುತ್ತಿದ್ದವು. ಆಮೇಲೆ ಹಂಪಿಯ ಒಂದು ಗೆಸ್ಟ್‌ಹೌಸಿನವರು ಬಂದರು. ಅವರ ಹಿಂದೆ ವ್ಯಾಸರಾಜ ಆಚಾರ್ ಎಂಬ ನಿವೃತ್ತ ಪೋಸ್ಟ್‌ಮಾಸ್ಟರು ಬ್ಲಾಗು ಮಾಡಿಸಿಕೊಳ್ಳಲು ಬಂದರು. ಕೋಟೆ, ಕಲ್ಲು, ತುಂಗಭದ್ರೆಯ ಹಕ್ಕಿ ಎಂದು ವಾರಕ್ಕೆರಡು ಸಲ ಬರೆಯುವ ಉತ್ಸಾಹಿ. ಆದರೆ ಅವರು ಎಲ್ಲವನ್ನೂ ತಾವೇ ಟೈಪು ಮಾಡಿ ಹಾಕುತ್ತಿದ್ದುದರಿಂದ ತಿಪ್ಪೇಶನಿಗೆ ಆ ಬ್ಲಾಗು ಸುಣ್ಣ ಬಳಿಯದ ಗೋಡೆಯಂತೆ ಕಾಣುತ್ತಿತ್ತು. ಅದನ್ನು ಮಾಡಿದ್ದು ತಾನೆಂದು ಯಾರಿಗೂ ಹೇಳುತ್ತಿರಲಿಲ್ಲ.

ಏಕೆಂದರೆ ಅವನ ಕೆಲಸದ ರೀತಿಯೇ ಬೇರೆ. ಅವನು ವೆಬ್‌ಸೈಟನ್ನು ಕಾರ್ಡ್ ಶೀಟಿನ ಮೇಲೆ ಬ್ರಷ್ಷಿನಲ್ಲಿ ಬರೆಯುತ್ತಿದ್ದ. ದಾರ ಮೀಟಿ ಗೆರೆ ಹಾಕಿ, ಬಣ್ಣ ಕಲಸಿ, ತಲೆಬರಹದಿಂದ ಹಿಡಿದು ಫೋನ್ ನಂಬರಿನವರೆಗೆ ಪ್ರತಿ ಅಕ್ಷರವನ್ನೂ ಕೈಯಲ್ಲೇ ಬರೆದು, ಒಣಗಿಸಿ, ಕೆಳಗಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಇಡೀ ಪುಟವನ್ನು ಒಂದೇ ಚಿತ್ರವಾಗಿ ಏರಿಸುತ್ತಿದ್ದ. ಆ ಕಾಲದಲ್ಲಿ ಹೊಸಪೇಟೆಯಲ್ಲಿ ಟೈಪು ಮಾಡಿದ ಕನ್ನಡ ಬೇರೆ ಊರಿನ ಕಂಪ್ಯೂಟರಿನಲ್ಲಿ ಎಷ್ಟೋ ಸಲ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. ತಿಪ್ಪೇಶನ ಅಕ್ಷರ ಎಲ್ಲಿ ತೆರೆದರೂ ಹಾಗೇ, ಅದೇ ಬಳುಕು, ಅದೇ ನೆರಳು. "ನನ್ ಅಕ್ಷರ ದುಬೈದಾಗೂ ಒಡಿಯಂಗಿಲ್ಲ" ಎಂದು ಅವನು ಎದೆ ತಟ್ಟಿ ಹೇಳುತ್ತಿದ್ದ. ಬೀದಿಯಲ್ಲಿ ತನ್ನ ಅಕ್ಷರಕ್ಕೆ ಜಾಗವಿಲ್ಲದಾಗ ಇಲ್ಲೊಂದು ಜಾಗ ಸಿಕ್ಕಿತೆಂಬ ಸಮಾಧಾನ ಅವನಿಗೆ. ಯಾರು ಬೇಡವೆನ್ನುತ್ತಾರೆ?

ಶೈಲಜಾಳ ತವರು ಕಂಪ್ಲಿ. ಅಲ್ಲಿ ಅವಳ ತವರುಮನೆಯ ಪಕ್ಕದ ಮನೆ ಚೆನ್ನಬಸಮ್ಮನದು. ಅರವತ್ತು ದಾಟಿದ ವಿಧವೆ, ಹಣೆತುಂಬ ವಿಭೂತಿ, ಕೈಯಲ್ಲಿ ಸದಾ ಸೂಜಿ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಒಗೆದು, ಹರಿದು, ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂರಿಸಿ ಅವಳು ಹೊಲಿಯುವ ಕೌದಿ ಹೊದ್ದವರು ಕಂಬಳಿ ಕೇಳುವುದಿಲ್ಲ. ತಿಪ್ಪೇಶನ ಮಗಳು ಹುಟ್ಟಿದಾಗ ಅವಳು ಕೊಟ್ಟ ಪುಟ್ಟ ಕೌದಿಯಲ್ಲೇ ಆ ಕೂಸು ಬೆಳೆದದ್ದು. ಓಣಿಯ ಅಕ್ಕನಾಗಮ್ಮ, ಹಂಪಮ್ಮ ಸೇರಿ ಆರು ಮಂದಿ ಹೆಂಗಸರು ಚೆನ್ನಬಸಮ್ಮನ ಕಟ್ಟೆಯ ಮೇಲೆ ಕುಳಿತು ಹೊಲಿಯುತ್ತಿದ್ದರು. ತಿಂಗಳಿಗೊಮ್ಮೆ ಹಂಪಿ ಕಡೆಯ ಅಂಗಡಿಯವನೊಬ್ಬ ಬಂದು, ಮೂಗು ಮುರಿದು, ಕೌದಿಗಳನ್ನು ಕಾಲಿನಲ್ಲಿ ಸರಿಸಿ ನೋಡಿ, ಕೊಟ್ಟಷ್ಟು ಕೊಟ್ಟು ಒಯ್ಯುತ್ತಿದ್ದ.

ಆ ಕಾಲನ್ನು ಒಂದು ದಿನ ತಿಪ್ಪೇಶ್ ಕಣ್ಣಾರೆ ನೋಡಿದ. ಅವನಿಗೆ ತಡೆಯಲಿಲ್ಲ.

"ಅತ್ತಿ, ಇನ್ ಮ್ಯಾಲ ಅವನ ಮುಂದ ಕೌದಿ ಹಾಸಿಕೊಂಡು ನಿಂದ್ರಬ್ಯಾಡ್ರಿ. ನಾನು ಇಂಟರ್ನೆಟ್ಟಿನಾಗ ನಿಮಗೊಂದು ಅಂಗಡಿ ಹಾಕಿ ಕೊಡ್ತೀನಿ. ಜಗತ್ತೇ ನಿಮ್ಮ ಕಟ್ಟಿಗೆ ಬರ್ತೈತಿ."

ಜಗತ್ತು ಬಂದರೆ ಎಲ್ಲಿ ಕೂರಿಸಬೇಕೆಂದು ಚೆನ್ನಬಸಮ್ಮ ಕೇಳಲಿಲ್ಲ. ಮುಂದಿನ ತಿಂಗಳು ಅಂಗಡಿಯವನು ಬಂದಾಗ, "ನಮ್ಮ ಅಳಿಯಾರು ಅಂಗಡಿ ಹಾಕ್ಯಾರ್ರಿ. ನೀವಿನ್ನ ಬರಬ್ಯಾಡ್ರಿ" ಎಂದು ಬಾಗಿಲಲ್ಲೇ ಹೇಳಿ ಕಳಿಸಿಬಿಟ್ಟಳು.

ತಿಪ್ಪೇಶ್ ಎರಡು ತಿಂಗಳು ಬೇರೆ ಕೆಲಸ ಹಿಡಿಯಲಿಲ್ಲ. ಹತ್ತೊಂಬತ್ತು ಕಾರ್ಡ್ ಶೀಟು ಬರೆದ. ಪ್ರತಿ ಕೌದಿಯ ಫೋಟೋ ಪಕ್ಕದಲ್ಲಿ ಅದರ ಬಣ್ಣ, ಉದ್ದ, ಅಗಲ, ಒಗೆಯುವ ಬಗೆ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು. ಶೈಲಜಾ ಮಗಳ ಡಿಕ್ಷನರಿ ಹಿಡಿದು ಇಂಗ್ಲಿಷನ್ನು ತಿದ್ದಿದಳು. ಹುಲುಗಪ್ಪ ಪೇಂಟರ್ ಬದುಕಿದ್ದರೆ ತೋರಿಸಬಹುದಿತ್ತು ಎನ್ನುವಷ್ಟು ಚೆನ್ನಾಗಿ ಬಂದವು ಅಕ್ಷರಗಳು. ಅವನ ಜೀವಮಾನದ ಕೆಲಸ ಅದು, ಈ ಮಾತು ನನ್ನದಲ್ಲ, ಅವನೇ ಹೆಂಡತಿಯ ಮುಂದೆ ಅಂದದ್ದು. ಬೇಕಾದವರು ಇಮೇಲ್ ಮಾಡುವುದು, ಇಲ್ಲಿಂದ ವಿ.ಪಿ.ಪಿ. ಪಾರ್ಸಲ್ ಹೋಗುವುದು, ಅವರು ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವುದು, ಆ ಹಣ ಚೆನ್ನಬಸಮ್ಮನ ಹೆಸರಿಗೆ ಅವನ ಕೋಣೆಯ ವಿಳಾಸಕ್ಕೆ ಮನಿಯಾರ್ಡರಾಗಿ ಬರುವುದು, ಹೀಗೆ ವ್ಯವಸ್ಥೆಯೂ ಆಯಿತು. ಅಂಗಡಿ ತೆರೆಯಿತು.

ಒಬ್ಬರೂ ಬರಲಿಲ್ಲ.

ಒಂದು ತಿಂಗಳು ಆಯಿತು, ಎರಡಾಯಿತು. ದಿನಕ್ಕೆ ಹತ್ತು ಸಲ ಇಮೇಲ್ ತೆರೆದು ನೋಡುವುದು, ಮುಚ್ಚುವುದು. ಇದಕ್ಕಿಂತ ಕಷ್ಟದ್ದು ಕಂಪ್ಲಿಗೆ ಹೋಗುವುದು. ಅಲ್ಲಿ ಅವನು ಬರೀ ಶೈಲಜಾಳ ಗಂಡನಲ್ಲ, ಇಡೀ ಓಣಿಗೆ ಅಳಿಯ. ಮನೆಗೆ ಬಂದ ಅಳಿಯನಿಗೆ ಕಾಲಿಗೆ ನೀರು ಕೊಡಬೇಕು, ಚಾಪೆ ಹಾಸಬೇಕು, ಹೋಳಿಗೆಯ ಮೇಲೆ ತುಪ್ಪ ಸುರಿಯಬೇಕು. ಅವನ ದುಡಿಮೆಯ ಬಗ್ಗೆ ಮಾತ್ರ ಪ್ರಶ್ನೆ ಕೇಳಬಾರದು. ಕೇಳಿದರೆ ಅಳಿಯನಿಗೆ ಅವಮಾನ, ಮಗಳಿಗೆ ತೊಂದರೆ. ಹೀಗಾಗಿ ಮಾರಾಟವಾಗದ ಕೌದಿಗಳು ಚೆನ್ನಬಸಮ್ಮನ ಪಡಸಾಲೆಯ ಮೂಲೆಯಲ್ಲಿ ಮಾಡಿನವರೆಗೆ ಏರಿದ್ದರೂ, ಆರು ಮಂದಿ ಹೆಂಗಸರೂ ಅವನು ಹೋದಾಗಲೆಲ್ಲ ನಗುನಗುತ್ತ ಸುತ್ತ ಕುಳಿತು, "ಊಟ ಸಪ್ಪಗಾತೇನ್ರಿ ಅಳಿಯಾರ?" ಎಂದಷ್ಟೇ ಕೇಳುತ್ತಿದ್ದರು. ಒಬ್ಬಳಾದರೂ ಬೈದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತೇನೋ.

ನಾಲ್ಕನೇ ತಿಂಗಳು ಹೋದಾಗ ಕಟ್ಟೆ ಖಾಲಿಯಿತ್ತು. ಚೆನ್ನಬಸಮ್ಮ ಒಬ್ಬಳೇ ಇದ್ದಳು.

"ಉಳಿದೋರು ಎಲ್ಲಿ ಅತ್ತಿ?"

"ಮೆಟ್ರಿ ಊರ ಕಡೆ ಕಳೆ ತೆಗಿಯಾಕ ಹೋಗ್ಯಾರ್ರಿ. ಬರ್ತಾರ, ಬರ್ತಾರ. ನೀವು ಉಣ್ರಿ" ಎಂದು ಅವಳು ಇನ್ನೊಂದು ಹೋಳಿಗೆ ಹಾಕಿದಳು. ಅಕ್ಕನಾಗಮ್ಮನಿಗೆ ಸೊಂಟನೋವು, ಬಗ್ಗಲು ಆಗುವುದಿಲ್ಲ, ಅದಕ್ಕೇ ಹೊಲಿಗೆ ಹಿಡಿದವಳು. ಅವಳೂ ಗದ್ದೆಗೆ ಹೋಗಿದ್ದಳು.

ಅದಾದ ವಾರಕ್ಕೆ ವ್ಯಾಸರಾಜ ಆಚಾರ್ರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಏನಪಾ ತಿಪ್ಪೇಶಾ, ನಿನ್ನ ಕೌದಿ ಅಂಗಡಿ ಎಲ್ಲಿ ಅದ? ಮೊಮ್ಮಗಳಿಗೊಂದು ತಗೋಬೇಕಂತ ಹುಡುಕಿದೆ, ಸಿಗವಲ್ದು."

"ವಿಳಾಸ ಬರದು ಕೊಟ್ಟಿದ್ನಲ್ರಿ ಸರ್."

"ಆ ಚೀಟಿ ಎಲ್ಲೋ ಹೋತು. ವಿಳಾಸ ಗೊತ್ತಿಲ್ಲದವರು ಹ್ಯಾಂಗ ಹುಡುಕ್ತಾರೋ ಹಾಂಗ ಹುಡುಕಿದೆ."

ಅವರು ತಾವೇ ಕುರ್ಚಿ ಎಳೆದು ಕುಳಿತು, ಗೂಗಲ್ ತೆರೆದು 'ಕಂಪ್ಲಿ ಕೌದಿ' ಎಂದು ಹೊಡೆದರು. ಮೊದಲು ಬಂದದ್ದು ಅವರದೇ ಬ್ಲಾಗು. ಕಂಪ್ಲಿ ಕೋಟೆಯ ಬಗ್ಗೆ ಎಂದೋ ಬರೆದದ್ದು, ಗೋಡೆಯ ಮೇಲೆ ಯಾರೋ ಕೌದಿ ಒಣಹಾಕಿದ್ದರು ಎಂಬ ಒಂದು ಸಾಲು ಅದರಲ್ಲಿತ್ತು. ಕೆಳಗೆ ಇನ್ನೇನೇನೋ. ತಿಪ್ಪೇಶನ ಅಂಗಡಿಯ ಸುಳಿವೇ ಇಲ್ಲ. ತಿಪ್ಪೇಶ್ ಬಗ್ಗಿ ತನ್ನ ಪುಟವನ್ನು ತೆರೆದುಕೊಟ್ಟ. ಆಚಾರ್ರು ಚೆಂದವಿದೆ ಎಂದು ತಲೆದೂಗಿದರು. ಆಮೇಲೆ ಮೌಸಿನಿಂದ ಒಂದು ಪದವನ್ನು ಹಿಡಿಯಲು ಹೋದರು. ಪದ ಕೈಗೆ ಸಿಗಲಿಲ್ಲ, ಇಡೀ ಪುಟವೇ ನೀಲಿಯಾಯಿತು.

"ಇದು ಅಕ್ಷರ ಅಲ್ಲಪಾ, ಚಿತ್ರ. ಹುಡುಕೋ ಯಂತ್ರಕ್ಕ ಟೈಪ್ ಮಾಡಿದ ಅಕ್ಷರ ಓದ್ಲಿಕ್ಕೆ ಬರ್ತದ. ಚಿತ್ರದಾಗ ಏನು ಬರದದ ಅಂತ ತಿಳಿಯಂಗಿಲ್ಲ ಅದಕ್ಕ. ಅದರ ಪಾಲಿಗೆ ಈ ಪುಟ ಖಾಲಿ."

"ಖಾಲಿ ಅಂದ್ರ?"

"ಮೂವತ್ತು ವರ್ಷ ಪೋಸ್ಟಾಫೀಸಿನಾಗ ನೋಡೀನಿ. ಭಾಳ ಚಂದದ ಲಕೋಟೆ ಇರ್ತಿತ್ತು, ಮ್ಯಾಲ ವಿಳಾಸನ ಇರ್ತಿದ್ದಿಲ್ಲ. ಎಲ್ಲಿಗಂತ ಕಳಸೋದು?"

ಅವರು ನೋಯಿಸಲು ಹೇಳಿದ್ದಲ್ಲ. ಈಗ ಯುನಿಕೋಡ್ ಕನ್ನಡ ಬಂದಿದೆ, ಅದರಲ್ಲಿ ಟೈಪು ಮಾಡಿದರೆ ಬಹಳ ಕಡೆ ಒಡೆಯುವುದಿಲ್ಲ, ಎರಡು ದಿನದ ಕೆಲಸ ಎಂದು ಸಮಾಧಾನವನ್ನೂ ಹೇಳಿ, ಒಂದು ಕೌದಿ ತಮಗೆಂದು ಎತ್ತಿಡಲು ಹೇಳಿ ಇಳಿದು ಹೋದರು. ತಿಪ್ಪೇಶ್ ಕುಳಿತಲ್ಲೇ ಕುಳಿತ. ಇಷ್ಟು ವರ್ಷದಲ್ಲಿ ಬೋರ್ಡನ್ನು ಗೋಡೆಯ ಕಡೆ ಮುಖಮಾಡಿ ನೇತುಹಾಕಿದ ಪೇಂಟರನ್ನು ಅವನು ಕಂಡಿರಲಿಲ್ಲ. ಈಗ ಕಂಡ. ಮುರುಗೇಶನಿಗೆ ತನ್ನ ಮುಖ ತಾನು ನೋಡಿಕೊಂಡರೆ ಸಾಕಿತ್ತು, ಗೆಸ್ಟ್‌ಹೌಸಿಗೆ ಜನ ದಾರಿಯ ಬೋರ್ಡು ನೋಡಿ ಬರುತ್ತಿದ್ದರು. ಈ ಪುಟವನ್ನೇ ನಂಬಿ ಇದ್ದ ಗಿರಾಕಿಯನ್ನು ಓಡಿಸಿ ಕುಳಿತವಳು ಚೆನ್ನಬಸಮ್ಮ ಒಬ್ಬಳೇ.

ಎರಡು ದಿನದ ಕೆಲಸ. ನಿಜ. ಆದರೆ ಆ ಎರಡು ದಿನ ವಾರವಾದರೂ ಬರಲಿಲ್ಲ. ಯಂತ್ರದ ಅಕ್ಷರ ಕೂರಬೇಕಾದರೆ ಅವನ ಅಕ್ಷರ ಏಳಬೇಕು. ಗೋಡೆಯಿಂದ ಎದ್ದದ್ದಾಯಿತು, ಲಾರಿಯಿಂದ ಎದ್ದದ್ದಾಯಿತು, ಉಳಿದಿದ್ದ ಒಂದೇ ಜಾಗದಿಂದ ತಾನೇ ಎಬ್ಬಿಸಬೇಕು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆಯುತ್ತಿದ್ದ. ಇದೆಲ್ಲ ಬಿಟ್ಟು ತೋರಣಗಲ್ಲಿನ ಕಾರ್ಖಾನೆಯಲ್ಲಿ ಪೈಪುಗಳಿಗೆ ಬಣ್ಣ ಬಳಿಯುವ ಗುತ್ತಿಗೆ ಕೆಲಸಕ್ಕೆ ಹೋದರಾಯಿತು, ಪೈಪಿನ ಮೇಲೆ ಅಕ್ಷರದ ರಗಳೆಯಾದರೂ ಇಲ್ಲ ಎಂದೂ ಯೋಚಿಸಿದ. ಒಂದು ಬೆಳಗ್ಗೆ ಶೈಲಜಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಪಲ್ಯಕ್ಕ ಉಪ್ಪು ಹಾಕಿಲ್ಲ. ಎರಡು ರೊಟ್ಟಿ ಉಂಡ್ರಿ. ಏನಾಗೇತ್ರಿ ನಿಮಗ?"

ಅವನು ಎಲ್ಲ ಹೇಳಿದ. ಶೈಲಜಾ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಹಿಟ್ಟಿನ ಕೈಯಲ್ಲೇ ಅವನ ಮಂಡಿ ಮುಟ್ಟಿ, "ನಾಳಿ ಐತವಾರ. ಕಂಪ್ಲಿಗೆ ಹೋಗೂಣು. ಚೆನ್ನಬಸಮ್ಮ ದೊಡ್ಡವ್ವಗ ನೀವೇ ಹೇಳ್ರಿ, ನಾ ಹೇಳಂಗಿಲ್ಲ" ಎಂದಳು.

ಮರುದಿನ ಚೆನ್ನಬಸಮ್ಮನ ಮನೆಯಲ್ಲಿ ಚಾಪೆ ಹಾಸಿ ತಟ್ಟೆ ಇಟ್ಟಾಗ ತಿಪ್ಪೇಶ್ ಕೂರಲಿಲ್ಲ.

"ಊಟ ಆಮ್ಯಾಲ ಅತ್ತಿ. ಮೊದ್ಲ ಒಂದು ಮಾತೈತಿ."

ಅಳಿಯ ಊಟಕ್ಕೆ ಮುಂಚೆ ಮಾತಾಡುತ್ತೇನೆಂದರೆ ಹೆಣ್ಣಿನ ಕಡೆಯವರ ಎದೆ ಝಲ್ಲೆನ್ನಬೇಕು. ಹೆಂಗಸರೆಲ್ಲ ಬಾಗಿಲ ಹತ್ತಿರ ಸೇರಿದರು. ತಿಪ್ಪೇಶ್ ತಲೆ ಬಗ್ಗಿಸಿಕೊಂಡು, ಅಂಗಡಿ ಯಾರಿಗೂ ಕಾಣಿಸಲೇ ಇಲ್ಲವೆಂದೂ, ತಪ್ಪು ಕೌದಿಯದಲ್ಲ, ತನ್ನ ಅಕ್ಷರದ್ದೆಂದೂ ಹೇಳಿ ಮುಗಿಸಿದ. ಚೆನ್ನಬಸಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿದಳು.

"ಈಗೇನ್ ಮಾಡ್ಬೇಕ್ರಿ?"

"ನಾ ಬರದದ್ದೆಲ್ಲಾ ತೆಗದು ಮಷೀನಿನ ಅಕ್ಷರ ಹಾಕ್ಬೇಕು."

"ಹಾಕ್ರಿ ಮತ್ತ."

ಶೈಲಜಾ ಮೆಲ್ಲಗೆ, "ದೊಡ್ಡವ್ವಾ, ಎರಡು ತಿಂಗ್ಳು ಕುಂತು ಬರದಾರ. ತೆಗಿಯಾಕ ಕೈ ಏಳವಲ್ದು ಅವ್ರಿಗೆ" ಎಂದಳು.

ಮುದುಕಿ ಎದ್ದು ಒಳಗೆ ಹೋಗಿ ತಾನು ಹೊದೆಯುವ ಕೌದಿಯನ್ನು ತಂದು ಅವನ ಮುಂದೆ ಹರಡಿದಳು. ನಟ್ಟನಡುವೆ ಕುಂಕುಮ ಬಣ್ಣದ ರೇಷ್ಮೆಯ ಚೌಕವಿತ್ತು, ಅಂಚಿನ ಜರಿ ಕಪ್ಪಾಗಿತ್ತು.

"ಇದು ನನ್ನ ಮದುವಿ ಸೀರಿ. ಟ್ರಂಕಿನ್ಯಾಗ ಮೂವತ್ತು ವರ್ಷ ಇಟ್ಟಿದ್ದೆ. ಉಡಾಕ ಆಗ್ತಿದ್ದಿಲ್ಲ, ಹರಿಯಾಕ ಮನಸ್ಸಾಗ್ತಿದ್ದಿಲ್ಲ. ನಮ್ಮ ಮನಿಯವ್ರು ತೀರಿಕೊಂಡ ವರ್ಷ ಹರದೆ. ಈಗ ದಿನಾ ಹೊಚ್ಚಿಗೊಂಡು ಮಲಗ್ತೀನಿ." ಅವಳು ಆ ಚೌಕವನ್ನು ಅಂಗೈಯಿಂದ ಸವರಿದಳು. "ಹರಿಯುವಾಗ ಅತ್ತೀನ್ರಿ, ಸುಳ್ಳ್ಯಾಕ ಹೇಳ್ಲಿ. ನೀನೂ ಒಂದೀಟು ಅತ್ತು ಬಿಡು ಯಪ್ಪಾ. ಆಮ್ಯಾಲ ತೆಗಿ."

ಅಷ್ಟು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ತಿಪ್ಪೇಶ್ ಅಲ್ಲೇ, ಬಾಗಿಲಲ್ಲಿ ನಿಂತ ಅಷ್ಟೂ ಹೆಂಗಸರ ಎದುರಿಗೆ, ಮಗುವಿನ ಹಾಗೆ ಅತ್ತ. ಅಕ್ಕನಾಗಮ್ಮ ಮುಖ ತೊಳೆಯಲು ನೀರು ತಂದಿಟ್ಟಳು.

ಸೋಮವಾರ ಚೆನ್ನಬಸಮ್ಮನೂ ಅವರ ಜೊತೆ ಹೊಸಪೇಟೆಗೆ ಬಂದಳು. ತನ್ನ ಅಂಗಡಿಯನ್ನು ಅವಳು ನೋಡಿದ್ದು ಅಂದೇ. ಕಂಪ್ಯೂಟರಿನ ಮುಂದಿನ ಸ್ಟೂಲಿನಲ್ಲಿ ಮುದುರಿ ಕುಳಿತು, ಒಂದೊಂದು ಕೌದಿಯ ಫೋಟೋ ಬಂದಾಗಲೂ ಅದರ ಕಥೆ ಹೇಳಿದಳು, ಶೈಲಜಾ ಬರೆದುಕೊಂಡಳು, ತಿಪ್ಪೇಶ್ ಟೈಪು ಮಾಡಿದ. ಉದ್ದ ಅಗಲ ಬಿಟ್ಟು ಬೇರೇನನ್ನೂ ಹಿಂದೆ ಅವನು ಕೇಳಿಯೇ ಇರಲಿಲ್ಲ. ಈ ಹಸಿರು ಹಂಪಮ್ಮ ಮಗಳ ಸೀಮಂತಕ್ಕೆ ಉಟ್ಟ ಸೀರೆಯದು. ಈ ಖಾಕಿ ತುಂಡು ಮೂವತ್ತು ವರ್ಷ ಕಂಡಕ್ಟರಾಗಿ ದುಡಿದವನ ಅಂಗಿಯದು, ಜೇಬಿನ ಗುರುತು ಇನ್ನೂ ಇದೆ. ಈ ನೀಲಿ ಗೆರೆ ಶಾಲೆ ಬಿಟ್ಟ ಹುಡುಗಿಯ ಲಂಗದ್ದು, ಹುಡುಗಿಗೆ ಈಗ ಮೂರು ಮಕ್ಕಳು. ಒಂದೊಂದು ಪುಟ ಟೈಪಾದಂತೆ ತಿಪ್ಪೇಶ್ ಒಂದೊಂದು ಚಿತ್ರವನ್ನು ಅಳಿಸಿದ. ಮೊದಲ ಮೂರನ್ನು ಅಳಿಸುವ ಮುನ್ನ ಇನ್ನೊಮ್ಮೆ ಪೂರ್ತಿ ನೋಡಿದ. ಆಮೇಲೆ ಕಥೆ ಕೇಳುವ ಆತುರದಲ್ಲಿ ನೋಡುವುದೂ ಮರೆಯಿತು.

ಕೊನೆಗೆ ಉಳಿದದ್ದು ಅಂಗಡಿಯ ತಲೆಬರಹ.

"ಇದೇನ್ರಿ ಅಳಿಯಾರ, ದೊಡ್ಡದಾಗಿ?"

"ನಿಮ್ಮ ಹೆಸ್ರು ಅತ್ತಿ. ಚೆನ್ನಬಸಮ್ಮ."

ರೇಷನ್ ಕಾರ್ಡಿನಿಂದ ಹಿಡಿದು ಎಲ್ಲಕ್ಕೂ ಹೆಬ್ಬೆಟ್ಟು ಒತ್ತಿದ ಹೆಂಗಸು ಅವಳು. ತನ್ನ ಹೆಸರಿಗೂ ಒಂದು ರೂಪವಿದೆ ಎಂದು ಯಾರೂ ಅವಳಿಗೆ ತೋರಿಸಿರಲಿಲ್ಲ. ಹತ್ತಿರ ಬಗ್ಗಿ ನೋಡಿದಳು. ತಿಪ್ಪೇಶ್ ಆ ಅಕ್ಷರಗಳ ಗೆರೆಯನ್ನು ಒಂದೇ ಎಳೆಯಾಗಿ ಎಳೆದಿರಲಿಲ್ಲ. ಕೌದಿಯ ಹೊಲಿಗೆಯಂತೆ ಚಿಕ್ಕ ಚಿಕ್ಕ ತುಂಡು ಗೆರೆಗಳಲ್ಲಿ ಬರೆದಿದ್ದ.

"ಅಯ್ಯ, ಹೊಲಿಗಿ ಹಾಕೀರಲ್ರಿ!" ಅವಳ ಮುಖ ಅರಳಿತು. "ಎಲ್ಲಿಂದ ಶುರು ಆಗ್ತೈತಿ ಇದು?"

ಅವನು ತೋರಿಸಿದ. ಅವಳು ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಬೆರಳನ್ನು ಗಾಜಿನ ಮೇಲ್ಗಡೆ ಮುಟ್ಟದಂತೆ ಹಿಡಿದು, ಮೊದಲ ಹೊಲಿಗೆಯಿಂದ ಕೊನೆಯ ಹೊಲಿಗೆಯವರೆಗೆ ನಿಧಾನವಾಗಿ ಹೋದಳು.

"ಇದೊಂದು ಬಿಡ್ರಿ."

"ಹುಡುಕೋ ಮಷೀನು ಇದನ್ನ ಓದಂಗಿಲ್ಲ ಅತ್ತಿ."

"ಓದಾಕ ನನಗೂ ಬರಂಗಿಲ್ಲಲ್ರಿ. ನಾ ನೋಡ್ತೀನಿ, ಇರ್ಲಿ."

ಅದೊಂದು ಉಳಿಯಿತು. ಕೆಳಗೆಲ್ಲ ಯಂತ್ರದ ಅಕ್ಷರ, ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆ, ಉಪ್ಪಿಲ್ಲ, ಖಾರವಿಲ್ಲ. ಆದರೆ ಅವುಗಳ ಒಳಗೆ ಹಂಪಮ್ಮನ ಮಗಳೂ ಕಂಡಕ್ಟರನೂ ಇದ್ದರು. ಇಪ್ಪತ್ತಮೂರನೇ ದಿನ ಮೊದಲ ಇಮೇಲ್ ಬಂತು. ದುಬೈಯಿಂದಲ್ಲ, ಕುರೆಕುಪ್ಪದಿಂದ. ಬಸ್ಸು ಹತ್ತಿದರೆ ಬೆಳಗಿನ ಹೊತ್ತಿನಲ್ಲೇ ಕಂಪ್ಲಿ ಮುಟ್ಟುವಷ್ಟು ಹತ್ತಿರದಲ್ಲಿದ್ದ, ಉಕ್ಕಿನ ಕಾರ್ಖಾನೆಯ ನೌಕರನೊಬ್ಬನ ಹೆಂಡತಿ, ತನಗೆ ಆ ಖಾಕಿ ಜೇಬಿನ ಕೌದಿಯೇ ಬೇಕು, ತನ್ನ ಅಪ್ಪನೂ ಕಂಡಕ್ಟರಾಗಿದ್ದರು ಎಂದು ಬರೆದಿದ್ದಳು. ಆಮೇಲೆ ಮೈಸೂರಿನಿಂದ ಒಂದು, ಪುಣೆಯಿಂದ ಎರಡು. ಜಗತ್ತೇನೂ ಮುಗಿಬೀಳಲಿಲ್ಲ. ಆದರೆ ಅಕ್ಕನಾಗಮ್ಮ ಗದ್ದೆಗೆ ಹೋಗುವುದನ್ನು ಬಿಟ್ಟು ಮತ್ತೆ ಕಟ್ಟೆಯ ಮೇಲೆ ಕುಳಿತಳು.

ಚೆನ್ನಬಸಮ್ಮ ಮಂಗಳವಾರ ಮಂಗಳವಾರ ಪಾರ್ಸಲ್ ಹಿಡಿದು ಹೊಸಪೇಟೆಗೆ ಬರತೊಡಗಿದಳು. ಕಂಪ್ಲಿಯಲ್ಲೂ ಅಂಚೆ ಕಚೇರಿಯಿದೆ, ಅಲ್ಲೇ ಹಾಕಬಹುದೆಂದು ತಿಪ್ಪೇಶ್ ಎರಡು ಸಲ ಹೇಳಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತು, "ತೆಗೀರಿ ಅಳಿಯಾರ" ಎನ್ನುತ್ತಿದ್ದಳು. ಅವನು ಪುಟ ತೆರೆಯುತ್ತಿದ್ದ. ಎಷ್ಟು ಮಾರಿತು, ಯಾರು ಕೊಂಡರು, ಒಂದನ್ನೂ ವಿಚಾರಿಸುತ್ತಿರಲಿಲ್ಲ. ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಚಹಾ ಕುಡಿದು ಹೋಗುತ್ತಿದ್ದಳು. ಮುದುಕಿಗೆ ಅದೊಂದು ಗೀಳು ಎಂದು ತಿಪ್ಪೇಶ್ ಶೈಲಜಾಳ ಹತ್ತಿರ ನಗುತ್ತಿದ್ದ.

ದಸರಾ ಮುಗಿದ ಮೇಲೆ ಒಂದು ಮಂಗಳವಾರ ಅಂಚೆಯ ಮೂಕಣ್ಣ ಪುಣೆಯ ಪಾರ್ಸಲಿನ ಮನಿಯಾರ್ಡರ್ ಹಿಡಿದು ಮೇಲೆ ಬಂದ. ಫಾರಂ ಮೇಜಿನ ಮೇಲಿಟ್ಟು, ಎಂದಿನಂತೆ ಚೀಲದಿಂದ ಶಾಯಿಯ ಪ್ಯಾಡು ತೆಗೆದು ಚೆನ್ನಬಸಮ್ಮನ ಮುಂದೆ ಸರಿಸಿದ.

"ಅದು ಬ್ಯಾಡ್ರಿ" ಎಂದಳು ಚೆನ್ನಬಸಮ್ಮ. "ಪೆನ್ ಕೊಡ್ರಿ."

ಮೂಕಣ್ಣ ತಿಪ್ಪೇಶನ ಮುಖ ನೋಡಿದ. ತಿಪ್ಪೇಶ್ ತನ್ನ ಜೇಬಿನ ಪೆನ್ನು ಕೊಟ್ಟ. ಅವಳು ಅದನ್ನು ಸೂಜಿ ಹಿಡಿಯುವಂತೆ ಹಿಡಿದು, ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ, ಉಸಿರು ಬಿಗಿಹಿಡಿದು ಬರೆದಳು. ಬಹಳ ಹೊತ್ತು ಬರೆದಳು. ಫ್ಯಾನಿಗೆ ಫಾರಂ ಹಾರದಂತೆ ತಿಪ್ಪೇಶ್ ಅದರ ಮೂಲೆಯನ್ನು ಒತ್ತಿ ಹಿಡಿದಿದ್ದ. ಮುಗಿದ ಮೇಲೆ ಮೂಕಣ್ಣ ಫಾರಂ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಚೆನ್ನಬಸಮ್ಮ. ಬರೋಬ್ಬರಿ ಬರದೀರಿ. ಆದ್ರ ಇದೇನವ್ವಾ, ಗೆರಿ ಎಲ್ಲಾ ಹಿಂಗ ತುಂಡು ತುಂಡು?"

"ತುಂಡ್ಯಾಕ ಆಗ್ತಾವ? ನನ್ನ ಹೆಸ್ರು ಇರೋದ ಹಂಗ" ಎಂದು ಅವಳು ಗದರಿದಳು. "ನಮ್ಮ ಅಳಿಯಾರು ಬರದಾರ. ಬೇಕಾದ್ರ ನೋಡ್ಕೊಳ್ರಿ."

ತಿಪ್ಪೇಶ್ ಸರಕ್ಕನೆ ಕಂಪ್ಯೂಟರಿನ ಕಡೆ ತಿರುಗಿದ. ಮೂಕಣ್ಣನಿಗೆ ಪುಟ ತೆರೆದು ತೋರಿಸಬೇಕಿತ್ತು, ಆದರೆ ಕಣ್ಣು ಮಂಜಾಗಿ ಮೌಸು ಎಲ್ಲಿದೆಯೆಂದು ಅವನಿಗೆ ಕೂಡಲೇ ಸಿಗಲಿಲ್ಲ.